ತೋಳಿನ ಪಟ್ಟಿ ಬಿಚ್ಚಿದ ಮೇಲೆ

೧

ಎಲ್ಲಿಂದ ಶುರು ಮಾಡಲಿ? ಉಕ್ಕಿದ ಹೊಳೆಯಿಂದ ಶುರು ಮಾಡಿದರೆ ಸಾಹಸದ ಕಥೆ ಎಂದುಕೊಳ್ಳುತ್ತೀರಿ, ಕಾನೂನಿನಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಆಕಳಿಸಿ, ಪರವಾಗಿಲ್ಲ. ಕಾನೂನು ಗೊತ್ತಿಲ್ಲದೆ ಈ ಮನುಷ್ಯನ ಫಜೀತಿ ನಿಮಗೆ ತಲೆಗೆ ಹೋಗುವುದಿಲ್ಲ.

ಅವನು ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್, ಜೊತೆಗೆ ಊರಿನ ಮೀಸಲು ಪಡೆಯ ಸೈನಿಕ. ಕೆಲಸದಲ್ಲಿ ಎಲ್ಲರೂ ಗೇಲಿಗೆ ‘ಜನರಲ್’ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಪಡೆ ಕರೆದರೆ ಜನರಲ್ ಹೋಗಲೇಬೇಕು. ಹೋದನೆಂದು ಯಜಮಾನರು ಕೆಲಸದಿಂದ ತೆಗೆಯುವಂತಿಲ್ಲ. ತೋಳಿಗೆ ಪಡೆಯ ಪಟ್ಟಿ ಇರುವಷ್ಟು ಹೊತ್ತು ಅವನು ಯಾರ ಗಾಡಿಯನ್ನಾದರೂ ತಡೆಯಬಹುದು. ಪಟ್ಟಿ ಬಿಚ್ಚಿದರೆ ಅಧಿಕಾರವೂ ಇಲ್ಲ, ರಕ್ಷಣೆಯೂ ಇಲ್ಲ, ಅವನೂ ನಮ್ಮ ನಿಮ್ಮ ಹಾಗೆ ದಾರಿಹೋಕ. (ಆಕಳಿಕೆ ಮುಗಿಯಿತೆ?)

೨

ಹೊಳೆ ಉಕ್ಕಿತು. ಜನರಲ್ ಹಳೇ ಸೇತುವೆಯ ಬಾಯಲ್ಲಿ ಕಾವಲು ನಿಂತ. ಅವರ ತುಕಡಿಯಲ್ಲಿ ಆಳಿಗೊಂದು ಪಟ್ಟಿ ಇಲ್ಲ. ಪಾಳಿ ಬದಲಾದಾಗ ಒಬ್ಬ ಬಿಚ್ಚಿ ಇನ್ನೊಬ್ಬನಿಗೆ ಕೊಡುವುದು ರೂಢಿ. ಜನರಲ್ ಪಟ್ಟಿ ಬಿಚ್ಚಿ, ಬದಲಿಗೆ ಬಂದ ಊರಿನ ಟೈಲರನಿಗೆ ಕೊಟ್ಟ. ಅವನಿನ್ನೂ ಒದ್ದೆ ಪಟ್ಟಿಗೆ ಗಂಟು ಹಾಕಲು ಒದ್ದಾಡುತ್ತಿರುವಾಗಲೇ ಲಾರಿಯೊಂದು ನುಗ್ಗಿಬಂತು. ಜನರಲ್ ಬರಿದೋಳಲ್ಲೇ ಅಡ್ಡ ನಿಂತು ತಡೆದ. ಲಾರಿ ಅವನ ಯಜಮಾನರದೇ, ಅದರ ತುಂಬ ಮೀನು. ಸುತ್ತುದಾರಿ ಹಿಡಿದು ಹೋಗುವಷ್ಟರಲ್ಲಿ ಎಲ್ಲ ಹಾಳಾಯಿತು.

ಅತ್ತ ಸೇತುವೆ ಕುಸಿದುಬಿತ್ತು.

“ಬೀಳ್ಲಿಲ್ಲ ಸಾರ್,” ಅಂದ ಜನರಲ್.

“ಬೀಳ್ಲಿ ಬಿಡಯ್ಯಾ,” ಅಂದೆ ನಾನು. “ಬಿದ್ರೆ ನೀನು ಹೀರೋ, ಯಜಮಾನರೇ ಬೆನ್ನು ತಟ್ತಾರೆ.”

“ಇವತ್ತು ಬೆಳಿಗ್ಗೆನೂ ಅದರ ಮೇಲೇ ಸೈಕಲ್ ಹೊಡ್ಕೊಂಡು ಬಂದೆ.”

ಸೇತುವೆಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದೇನೆ. ಒಳ್ಳೆಯ ಪ್ಯಾರಾ ಒಂದು ಹೊಳೆ ಪಾಲಾಯಿತು.

೪

(ಮೂರನ್ನು ಹರಿದೆ. ಅದರಲ್ಲೊಬ್ಬ ವಕೀಲರು ಬಂದು ಎಲ್ಲವನ್ನೂ ಸರಿಮಾಡುತ್ತಿದ್ದರು. ಅಂಥ ವಕೀಲರನ್ನು ನಾನು ಕಂಡಿಲ್ಲ.)

ಯಜಮಾನರ ಕೋಣೆ. ಫ್ಯಾನು ಕಿರುಗುಟ್ಟುತ್ತಿದೆ, ಜನರಲ್ ಕಾಲು ಬದಲಿಸುತ್ತ ನಿಂತಿದ್ದಾನೆ. ಹೊರಡುವಾಗ ಹೆಂಡತಿ ಗದರಿಸಿ ಕಳಿಸಿದ್ದಾಳೆ: “ರೀ, ಪಟ್ಟಿ ಇತ್ತು ಅಂದ್ಬಿಡಿ. ಹರಿಶ್ಚಂದ್ರನ ಥರ ಆಡಿ ಕೆಲಸ ಕಳ್ಕೊಂಡು ಬಂದ್ರೆ ನಾನು ಮಾತಾಡ್ಸಲ್ಲ.”

ಸಾಕ್ಷಿಗೆಂದು ಬಂದ ಟೈಲರ್ ಕಿವಿಯಲ್ಲಿ ಹೇಳುತ್ತಾನೆ: “ಇತ್ತು ಅನ್ನು. ಪಟ್ಟಿ ಇನ್ನೂ ನಿನ್ನ ಹತ್ರಾನೇ ಇತ್ತು ಅಂದ್ರೆ ನಾನು ಪಾಳಿಗೆ ತಡವಾಗಿ ಬಂದೆ ಅಂತ ಆಗುತ್ತೆ, ಪಡೆಯಿಂದ ತೆಗೀತಾರೆ. ತೆಗೀಲಿ.”

ಯಜಮಾನರು ಕನ್ನಡಕ ಒರೆಸಿಕೊಂಡರು. “ಕಾನೂನು ನನಗೂ ಗೊತ್ತಪ್ಪಾ. ಪಟ್ಟಿ ಇತ್ತು ಅಂದ್ರೆ ನಿನ್ನ ಮುಟ್ಟೋ ಹಾಗಿಲ್ಲ. ಇರ್ಲಿಲ್ಲ ಅಂದ್ರೆ ಇವತ್ತೇ ಮನೆಗೆ ನಡಿ. ಇತ್ತಾ, ಇರ್ಲಿಲ್ವಾ?”

ಮುಕ್ತಾಯ ಅ: “ಇತ್ತು.” ಬರೆದೆ. ಜನರಲ್ ಟೈಲರನ ಮುಖ ನೋಡಿ ಹೊಡೆದುಹಾಕಿದ.

ಮುಕ್ತಾಯ ಆ: “ಇರ್ಲಿಲ್ಲ.” ಇದನ್ನು ಟೈಲರೇ ಹೊಡೆದುಹಾಕಿದ.

ಮುಕ್ತಾಯ ಇ: ಯಜಮಾನರ ಮನಸ್ಸು ಕರಗಿತು. (ಯಜಮಾನರೇ ನಕ್ಕುಬಿಟ್ಟರು.)

ನನ್ನ ತಲೆ ಕೆಟ್ಟುಹೋಯಿತು. ಅಷ್ಟರಲ್ಲಿ ಜನರಲ್ ನಾನು ಬರೆಯದ ಮಾತೊಂದನ್ನು ಆಡಿದ. “ಯಜಮಾನ್ರೇ, ತೋಳಲ್ಲಿ ಪಟ್ಟಿ ಇಲ್ಲ ಅಂದ್ರೆ ಲಾರಿನ ಬಿಟ್ಬಿಡಬೇಕಾ? ಒಳಗೆ ನಿಮ್ಮ ಡ್ರೈವರ್ ಇದ್ದ.”

“ಸೇತುವೆ ಬೀಳ್ಲಿಲ್ವಲ್ಲಯ್ಯಾ!”

“ಬೀಳಲ್ಲ ಅಂತ ಆವಾಗ ನನಗೆ ಹೇಗೆ ಗೊತ್ತಾಗ್ಬೇಕು?”

ಯಜಮಾನರು ಕಿಟಕಿಯ ಕಡೆ ನೋಡಿದರು. ಡ್ರೈವರ್ ಹೊರಗೆ ಲಾರಿ ತೊಳೆಯುತ್ತಿದ್ದ. ಇತ್ತ ತಿರುಗಿ ಮತ್ತೆ ಕೇಳಿದರು: “ಇತ್ತಾ, ಇರ್ಲಿಲ್ವಾ?”

ಈಗ ಮೂವರೂ ನನ್ನತ್ತ ನೋಡುತ್ತಿದ್ದಾರೆ. ಅಂತ್ಯ ಬೇಡವೆಂದು ಕೈತೊಳೆದುಕೊಳ್ಳುವುದು ನನಗೆ ಸಲೀಸು, ನನ್ನ ಕೆಲಸವೇನೂ ಹೋಗುವುದಿಲ್ಲ. ನಾಚಿಕೆಯಾಗುತ್ತಿದೆ, ಆದರೂ ಪೆನ್ನು ಮುಚ್ಚಿ ಏಳುತ್ತೇನೆ. ಜನರಲ್ ನನ್ನ ಅಂಗಿ ಹಿಡಿದುಕೊಂಡ.

“ಸಾರ್, ನೀವು ಹೊರಟ್ರೆ, ನಾನು ಇಲ್ಲೇ ನಿಂತಿರ್ಬೇಕಾ?”