ಎತ್ತಿಕೊಟ್ಟ ಮಗು

ಬಿಂದುಶ್ರೀ ವಂಶವಾಹಿ ಪರೀಕ್ಷೆಗೆ ಉಗುಳು ಹಿಡಿಯುವ ಎರಡು ಪ್ಲಾಸ್ಟಿಕ್ ಕೊಳವೆಗಳನ್ನು ಚೀಲದಿಂದ ತೆಗೆದಿಟ್ಟಳು. ಮಂಗಮ್ಮ ಒಂದನ್ನು ಹಿಂದಕ್ಕೆ ತಳ್ಳಿದಳು.

"ಒಂದು ಸಾಕು ಕಣಮ್ಮ. ಸೀನು ಹೋಗ್ಬಿಟ್ಟ. ಯುಗಾದಿ ಆದ್ಮೇಲೆ. ಅವನಾಗೇ ಜೀವ ಕಳ್ಕೊಂಡ."

ಬಿಂದುಶ್ರೀ ಆ ಕೊಳವೆಯನ್ನು ಚೀಲಕ್ಕೆ ಹಾಕಿದಳು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ನೋಡಿ, ಯಾವ ಗುಣ ಹುಟ್ಟಿನಿಂದ ಬಂತು, ಯಾವುದು ಬೆಳೆದ ಮನೆಯಿಂದ ಬಂತು ಎಂದು ಅಳೆಯುವುದು ಅವಳ ಕೆಲಸ. ಮಂಗಮ್ಮನ ಅವಳಿಗಳಲ್ಲಿ ರಘು ಅರೆಕೆರೆಯ ಈ ಮನೆಯಲ್ಲೇ ಬೆಳೆದವನು. ಸೀನು ಗಿರಿನಗರದಲ್ಲಿ, ಮಕ್ಕಳಿಲ್ಲದ ಸೋದರತ್ತೆಯ ಮನೆಯಲ್ಲಿ. ಹೋದ ವರ್ಷ ಇಬ್ಬರೂ ಇದೇ ಸೋಫಾದಲ್ಲಿ ಕೂತು, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಅವಳಿಗೆ ಉತ್ತರ ಕೊಟ್ಟಿದ್ದರು.

"ಎರಡರಲ್ಲಿ ಒಂದನ್ನ ನಾದಿನಿ ಮಡಿಲಿಗೆ ಹಾಕು ಅಂದ್ರು ನಮ್ಮತ್ತೆ. ಇವನು ಹಾಲು ಕುಡೀತಿದ್ದ. ಬಿಡಿಸೋಕೆ ಮನಸ್ಸು ಬರ್ಲಿಲ್ಲ. ಸೀನು ಮಲಗಿದ್ದ. ಎತ್ಕೊಟ್ಬಿಟ್ಟೆ," ಎಂದಳು ಮಂಗಮ್ಮ.

ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ರಘು ಅಲ್ಲಿದ್ದ. ತನ್ನ ಹಾರ್ಡ್‌ವೇರ್ ಅಂಗಡಿಯ ಶಟರ್ ಎತ್ತದೆ ತಿಂಗಳಾಗಿತ್ತು. ಊಟ ಬೇಡ, ಮಾತು ಬೇಡ. ಸೀನುವೂ ಶುರುವಿನಲ್ಲಿ ಹೀಗೇ ಇದ್ದನಂತೆ.

ಮಂಗಮ್ಮ ದನಿ ತಗ್ಗಿಸಿದಳು. "ಡಾಕ್ಟ್ರ ಹತ್ರ ಬಾರೋ ಅಂದ್ರೆ, 'ಅವನ ರಕ್ತಾನೇ ನಂದೂ, ಆಗೋದು ಆಗ್ಲಿ' ಅಂತಾನೆ. ನೀನೇ ಹೇಳು, ಇದು ರಕ್ತದ್ದಾ, ಇಲ್ಲಾ ನಾನು ಕೊಟ್ಟಿದ್ದಕ್ಕಾ?"

"ಸಾವಿರಾರು ಜೋಡಿಗಳನ್ನ ಒಟ್ಟಿಗೆ ನೋಡಿ ಹೇಳೋದಮ್ಮ. ಒಬ್ಬರ ವಿಷಯದಲ್ಲಿ ಇಷ್ಟು ರಕ್ತ, ಇಷ್ಟು ಮನೆ ಅಂತ ಹೇಳೋಕಾಗಲ್ಲ."

"ಮತ್ಯಾಕೆ ಉಗುಳು ಕೇಳ್ಕೊಂಡು ಮನೆಮನೆ ಸುತ್ತೀಯ?" ಮಂಗಮ್ಮ ಸಿಡುಕಿದಳು. ತಕ್ಷಣ ಬಿಂದುಶ್ರೀಯ ಮಣಿಕಟ್ಟು ಹಿಡಿದು, ಕೋಣೆಯ ಕಡೆ ತಿರುಗಿ ಕೂಗಿದಳು. "ಕೇಳಿಸ್ತೇನೋ ರಘು? ರಕ್ತದ್ದಲ್ವಂತೆ ಕಣೋ! ನಾನು ಅವನನ್ನ ಕೊಟ್ಟಿದ್ದಕ್ಕೇ ಹಂಗಾಯ್ತಂತೆ. ನೀನು ನನ್ನ ಹತ್ರಾನೇ ಬೆಳ್ದೋನು. ನಿಂಗೇನೂ ಆಗಲ್ವಂತೆ!"

ಬಾಗಿಲು ತೆರೆಯಿತು. ಗಡ್ಡ ಬೆಳೆದಿತ್ತು. ಸೀನುವಿನದೇ ಮುಖ.

"ಹೌದಾ ಮೇಡಂ?"

ಮುದುಕಿ ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ.

"ಹೌದು," ಎಂದಳು ಬಿಂದುಶ್ರೀ. "ಆದ್ರೂ ಡಾಕ್ಟರನ್ನ ನೋಡೋಣ. ನಾನೂ ಬರ್ತೀನಿ, ಇವತ್ತೇ."

ರಘು ತಾಯಿಯನ್ನೇ ನೋಡುತ್ತ ನಿಂತ. "ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಎಂದ. ಅಡುಗೆಮನೆಗೆ ಹೋಗಿ, ತನಗೆಂದು ಬೆಳಗಿನಿಂದ ಮುಚ್ಚಿಟ್ಟಿದ್ದ ತಟ್ಟೆ ತಂದು ಅಮ್ಮನ ಕಾಲಬಳಿ ಕೂತ. ತಣ್ಣಗೆ ಬಿಗಿದಿದ್ದ ಮುದ್ದೆ ಮುರಿದು, ಮೊದಲ ತುತ್ತನ್ನು ಅವಳ ಬಾಯಿಯ ಹತ್ತಿರ ಹಿಡಿದ.

ಮಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಕೈ ಇಳಿಸಲಿಲ್ಲ.