ಆಗದ ಸನ್ಮಾನದ ವರದಿ

"ಸಾರ್, ಕಾರ್ಯಕ್ರಮ ಇರೋದೇ ಸಂಜೆ ಐದಕ್ಕೆ. ಈಗಿನ್ನೂ ಮೂರು ಗಂಟೆ," ಎಂದಳು ಕಾಂಚನಾ.

ಸಂಪಾದಕ ಜಂಬುಲಿಂಗಪ್ಪ ಆಹ್ವಾನ ಪತ್ರಿಕೆಯನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು. "ಸುದ್ದಿ ಒಯ್ಯೋ ಬಸ್ಸು ನಾಲ್ಕಕ್ಕೆ ಕಣವ್ವ. ನಿನ್ ಕಾರ್ಯಕ್ರಮಕ್ಕೆ ಅಂತ ಐದರವರೆಗೆ ನಿಲ್ತದಾ? ಕಾರ್ಡಿನಾಗೆ ಎಲ್ಲಾ ಐತೆ. ಯಾರು ಬರ್ತಾರೆ, ಯಾರಿಗೆ ಶಾಲು ಹೊದಿಸ್ತಾರೆ. ಬರಿ, ಬರಿ."

ಚಳ್ಳಕೆರೆಯ ಆ ದಿನಪತ್ರಿಕೆ ಅಚ್ಚಾಗುತ್ತಿದ್ದುದು ಚಿತ್ರದುರ್ಗದಲ್ಲಿ. ಪತ್ರಿಕೆಯ ಮುದ್ರೆ ಒತ್ತಿದ ಕವರಿನಲ್ಲಿ ಸುದ್ದಿ ತುಂಬಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಪ್ರೆಸ್ಸಿನವರು ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತಿದ್ದರು. ಮುದ್ರೆ ಇದ್ದರೆ ಸಾಕು, ಒಳಗಿದ್ದದ್ದು ಬೆಳಿಗ್ಗೆ ಪತ್ರಿಕೆಯಲ್ಲಿರುತ್ತಿತ್ತು.

ಕಾಂಚನಾ ಪತ್ರಿಕೋದ್ಯಮದ ಕೊನೆಯ ವರ್ಷದ ವಿದ್ಯಾರ್ಥಿನಿ. ಒಂದು ತಿಂಗಳ ತರಬೇತಿಗೆ ಬಂದಿದ್ದಳು. ಹನ್ನೆರಡು ವರದಿ ಅಚ್ಚಾಗಿ, ಸಂಪಾದಕರ ಸಹಿ ಬಿದ್ದರೆ ಮಾತ್ರ ಪಾಸು. ಇದುವರೆಗೆ ಆದ ಹನ್ನೊಂದರಲ್ಲಿ ಒಂಬತ್ತನ್ನು ಅವಳು ಈ ಕುರ್ಚಿ ಬಿಟ್ಟು ಏಳದೆ ಬರೆದಿದ್ದಳು. ತಾನು ನೋಡದ ದೀಪಗಳನ್ನು ಬೆಳಗಿಸಿ, ಕೇಳದ ಭಾಷಣಗಳನ್ನು ಮಾಡಿಸಿ ಅವಳಿಗೆ ಸಾಕುಸಾಕಾಗಿತ್ತು. ಆದರೂ ಬರೆದಳು: ಮೊಳಕಾಲ್ಮೂರಿನಲ್ಲಿ ಹಿರಿಯ ನೇಕಾರ್ತಿ ನಾಗಕ್ಕನವರಿಗೆ ಶಾಲು ಹೊದಿಸಿ, ಬೆಳ್ಳಿ ಲಾಳಿ ನೀಡಿ ಸನ್ಮಾನಿಸಲಾಯಿತು.

ಮರುದಿನ ಪತ್ರಿಕೆಯಲ್ಲಿ ವರದಿ ಬಂತು, ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಜಂಬುಲಿಂಗಪ್ಪ ರಿಸೀವರ್ ಇಟ್ಟು ನಕ್ಕರು. "ನೇಕಾರರ ಸಂಘದ ಮಲ್ಲಿಕಾರ್ಜುನಪ್ಪ. ಮುಖ್ಯ ಅತಿಥಿ ಬರಲೇ ಇಲ್ವಂತೆ. ಎಂಟರ ತನಕ ಕಾದು ಶಾಮಿಯಾನ ಬಿಚ್ಚಿದರಂತೆ."

"ಹಂಗಾದ್ರೆ ತಿದ್ದುಪಡಿ ಹಾಕ್ಬೇಕು ಸಾರ್."

"ಹಾಕಿದ್ರೆ ನಿನ್ನವು ಹನ್ನೊಂದೇ ಆಗ್ತವೆ. ನಾಳೆಗೆ ನಿನ್ ತಿಂಗಳು ಮುಗೀತದೆ. ಹನ್ನೆರಡು ಅಂತ ಹೆಂಗೆ ಸಹಿ ಹಾಕ್ಲಿ? ಕಾರ್ಡು ನೋಡಿ ಬರೀತಾರೆ ಅಂತ ನಾವೇ ಡಂಗುರ ಹೊಡೀಬೇಕಾ? ಸುಮ್ಕಿರು. ಊಟ ಮಾಡು."

ಊಟದ ಡಬ್ಬಿ ಎಂದಿನಂತೆ ಕಿಟಕಿಯಲ್ಲಿತ್ತು. ಹುಡುಗಿ ಮಧ್ಯಾಹ್ನ ಬರೀ ಬನ್ನು ತಿನ್ನುತ್ತಾಳೆಂದು ಮೊದಲ ವಾರದಲ್ಲೇ ಕಂಡು, ಮನೆಯಿಂದ ಎರಡು ರೊಟ್ಟಿ ಹೆಚ್ಚು ಹಾಕಿಸಿ ತರುತ್ತಿದ್ದವರು ಇದೇ ಜಂಬುಲಿಂಗಪ್ಪ. ಅದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಈ ಮನುಷ್ಯನನ್ನು ಸರಿಯಾಗಿ ಬೈಯಲೂ ಆಗುವುದಿಲ್ಲವಲ್ಲ. ಡಬ್ಬಿ ಮುಟ್ಟದೆ ಚೀಲ ಹೆಗಲಿಗೇರಿಸಿ ಹೊರಟಳು. ಮೊಳಕಾಲ್ಮೂರಿನ ಬಸ್ಸಿನಲ್ಲಿ ಸೀಟಿನ ಮೊಳೆಗೆ ಸಿಕ್ಕಿ ವೇಲು ಒಂದು ಗೇಣು ಹರಿಯಿತು. ಇದೊಂದು ಬಾಕಿಯಿತ್ತು ಎಂದುಕೊಂಡಳು.

ನಾಗಕ್ಕ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಮಗ್ಗದ ಕಂಬಕ್ಕೆ ಪತ್ರಿಕೆಯ ತುಂಡನ್ನು ಯಾರೋ ಅಂಟಿಸಿದ್ದರು. ಕಾಂಚನಾ ಬಾಗಿಲಲ್ಲೇ ನಿಂತು ಪತ್ರಿಕೆಯ ಹೆಸರು ಹೇಳಿದಳು.

"ಪೇಪರ್‍ನೋರಾ? ರಾ ತಲ್ಲಿ, ಬಾ ತಾಯಿ, ಕೂಕ. ನೀನೇನಾ ಇದನ್ನ ಬರ್ದಿದ್ದು?"

"ಹೂಂ ಅಜ್ಜಿ."

"ಚೆಂದಾಗಿ ಬರ್ದೀಯ. ಸೊಸೆ ಎರಡು ಸಲ ಓದಿದ್ಲು. ಅದನ್ನ ಕೇಳ್ತಾ ಇದ್ರೆ ನಾನೇ ಶಾಲು ಹೊದ್ಕಂಡಂಗಾತು." ಲಾಳಿ ಅತ್ತ ಹೋಗಿ ಇತ್ತ ಬಂತು. "ಆದ್ರೆ ಬೆಳಿಗ್ಗಿಂದ ಕೇರಿಯೋರೆಲ್ಲಾ ಬಂದು ಬೆಳ್ಳಿ ಲಾಳಿ ತೋರಿಸು ಅಂತಾರೆ. ಕೊಟ್ಟಿಲ್ಲ ಅಂದ್ರೆ ನಂಬಲ್ರು. ಪೇಪರ್‍ನಾಗೆ ಐತಲ್ಲ ಅಂತಾರೆ. ಪಕ್ಕದ ಪಾಲಮ್ಮ ನಲವತ್ತು ವರ್ಷದ ಗೆಳತಿ, ‘ನನ್ ತಾವೂ ಮುಚ್ಚಿಡ್ತೀಯೇನೆ’ ಅಂದು ಎದ್ದು ಹೋದ್ಲು."

ಕಾಂಚನಾ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ನಾಗಕ್ಕ ಅವಳ ವೇಲಿನ ಅಂಚು ಹಿಡಿದು ಎಳೆದರು.

"ಇದೆಲ್ಲಿ ಹರ್ಕಂಡೆ? ತಾ ಇಲ್ಲಿ. ಹಿಂಗೇ ಊರೆಲ್ಲಾ ತಿರುಗ್ತೀಯಾ?"

ಕನ್ನಡಕ ಏರಿಸಿ, ಸೂಜಿಗೆ ಅದೇ ಬಣ್ಣದ ಎಳೆ ಹುಡುಕಿ ಪೋಣಿಸಿ, ಹರಿದದ್ದನ್ನು ಮಡಿಲಲ್ಲಿ ಹರವಿಕೊಂಡರು. ವೇಲು ಅವರ ಮಡಿಲಲ್ಲಿದ್ದುದರಿಂದ ಅವಳು ಎದ್ದು ಹೋಗುವಂತಿರಲಿಲ್ಲ. ಚೀಲದಿಂದ ಹಾಳೆ ತೆಗೆದು ಮೊಣಕಾಲ ಮೇಲಿಟ್ಟು ಬರೆಯತೊಡಗಿದಳು. ಕಾರ್ಯಕ್ರಮ ನಡೆಯಲಿಲ್ಲ. ನಾಗಕ್ಕನವರಿಗೆ ಶಾಲು, ಲಾಳಿ ಯಾವುದನ್ನೂ ಕೊಟ್ಟಿಲ್ಲ. ವರದಿಗಾರ್ತಿ ಸ್ಥಳಕ್ಕೆ ಹೋಗದೆ, ಆಹ್ವಾನ ಪತ್ರಿಕೆ ನೋಡಿ ಬರೆದದ್ದು ತಪ್ಪು. ಕೆಳಗೆ ತನ್ನ ಹೆಸರು ಬರೆದಳು. ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು.

"ಏನ್ ಬರ್ದೆ?"

ಓದಿ ಹೇಳಿದಳು.

"ಇದಕ್ಕೆ ನಿಮ್ ಸಾಹೇಬ್ರು ಬೈಯಲ್ವಾ?"

"ಬೈತಾರೆ."

ನಾಗಕ್ಕ ಕೊನೆಯ ಹೊಲಿಗೆ ಹಾಕಿ ಗಂಟು ಬಿಗಿದರು. "ಪಾಲಮ್ಮನ ಮೊಮ್ಮಗಳಿಗೆ ಓದೋಕೆ ಬರ್ತದೆ," ಎಂದು ಹಲ್ಲಿನಲ್ಲಿ ಎಳೆ ಕಡಿದರು.

ಚೀಲದಲ್ಲಿ ಮುದ್ರೆ ಒತ್ತಿದ ಕವರು ಎರಡಿದ್ದವು. ಒಂದರಲ್ಲಿ ಹಾಳೆ ಹಾಕಿ ಅಂಟಿಸಿ ಬಸ್ ನಿಲ್ದಾಣಕ್ಕೆ ಬಂದಾಗ ಚಿತ್ರದುರ್ಗದ ಬಸ್ಸು ಆಗಲೇ ಹೊರಡುತ್ತಿತ್ತು. ಓಡಿದಳು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ಕವರು ಕಿತ್ತುಕೊಂಡ.

"ಪ್ರೆಸ್ಸಿಗಾ?"

"ಪ್ರೆಸ್ಸಿಗೇ. ಮರೀಬ್ಯಾಡಿ."

ಅವನು ಮುಂದೆ ಕೈಚಾಚಿ ಅದನ್ನು ಗಾಜಿನ ಬಳಿ, ಬಾಡಿದ ಹೂವಿನ ಪಕ್ಕ ಸಿಕ್ಕಿಸಿದ. ಬಸ್ಸು ತಿರುವು ದಾಟಿದ ಮೇಲೆ ಅವಳಿಗೆ ಹೊಳೆಯಿತು: ಚಳ್ಳಕೆರೆಗೆ ತಾನು ಹೋಗಬೇಕಿದ್ದದ್ದೂ ಅದೇ ಬಸ್ಸಿನಲ್ಲಿ.

ಮುಂದಿನದು ಇನ್ನೊಂದೂವರೆ ಗಂಟೆಗೆ ಎಂದರು ಯಾರೋ. ಕಾಂಚನಾ ಕಲ್ಲುಬೆಂಚಿನ ಮೇಲೆ ಕೂತಳು. ಹಸಿವಾಗಿತ್ತು, ಕಿಟಕಿಯಲ್ಲಿ ಬಿಟ್ಟುಬಂದ ಡಬ್ಬಿ ನೆನಪಾಯಿತು. ವೇಲಿನ ಅಂಚನ್ನು ಬೆರಳಲ್ಲಿ ಸವರುತ್ತ ಹರಿದ ಜಾಗ ಎಲ್ಲಿತ್ತೆಂದು ಹುಡುಕಿದಳು. ಸಿಗಲಿಲ್ಲ. ಮತ್ತೆ ಮೊದಲಿಂದ ಸವರತೊಡಗಿದಳು.