ತಿಪ್ಪೆಯಲ್ಲಿ ಉಳಿದ ಹಸಿರೆಲೆ

ಹಳೆಯ ಪ್ಲಾಸ್ಟಿಕ್ ಚೀಲಕ್ಕೆ ತೊಂಬತ್ತು ಪೈಸೆ ಬೀಳುತ್ತಿತ್ತು. ಮಣ್ಣಾಗುತ್ತದೆ ಎಂದು ಮಾರುವ ಹೊಸ ಚೀಲಕ್ಕೆ ನಾಲ್ಕು ರೂಪಾಯಿ. ಅದರ ಮೇಲೊಂದು ಹಸಿರೆಲೆ ಅಚ್ಚು ಹಾಕಿಸಿದರೆ ಪಾವು ಕಿಲೋ ಖಾರದಪುಡಿಯನ್ನು ನೂರೈವತ್ತರ ಬದಲು ನೂರಾ ಅರವತ್ತೈದಕ್ಕೆ ಮಾರಬಹುದು. ಎಲೆ ತಿನ್ನುವುದು ಮೂರು ರೂಪಾಯಿ ಹತ್ತು ಪೈಸೆ, ತರುವುದು ಹದಿನೈದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೀಸುವ ಯಾರಿಗೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಮಯ್ಯಾ ಇಪ್ಪತ್ತು ಸಾವಿರ ಚೀಲ ತರಿಸಿದಳು. ಅವಳದು ಚಿಕ್ಕ ಗಿರಣಿ. ಮೆಣಸಿನಕಾಯಿಯ ತೊಟ್ಟು ಬಿಡಿಸಲು ನಾಲ್ವರು ಹೆಂಗಸರು, ಬೀಸಲು ಅವಳು. ಎಲೆಯ ಕೆಳಗೆ ಏನು ಬರೆಸುವುದೆಂಬ ಮಾತು ಬಂದಾಗ ಹಿರಿಯಳಾದ ಫಕ್ಕೀರವ್ವ ಮೊರದಿಂದ ತಲೆಯೆತ್ತದೆ ಹೇಳಿದ್ದಳು: "ಮಣ್ಣಾಗತೈತಿ ಅಂದಮ್ಯಾಗ ತಿಪ್ಪಿಗೆ ಹಾಕ್ರಿ ಅಂತ ಬರಸವಾ. ಹೊಲಾ ಇದ್ದವ್ರಿಗೆ ಲಗೂ ತಿಳೀತೈತಿ." ಹಾಗೆಯೇ ಬರೆಸಿದರು: ಖಾಲಿ ಚೀಲ ತಿಪ್ಪೆಗೆ ಹಾಕಿ, ಗೊಬ್ಬರವಾಗುತ್ತದೆ.

ಎಲೆ ನೋಡಿ ಹುಬ್ಬಳ್ಳಿಯ ಆರು ಅಂಗಡಿಗಳು ತಿಂಗಳಿಗೆ ಮೂರು ಸಾವಿರ ಚೀಲ ಕೊಳ್ಳತೊಡಗಿದವು. ಈ ವ್ಯಾಪಾರ ಕುದುರಿಸಿದವನು ರಾಣೆಬೆನ್ನೂರಿನ ದಲ್ಲಾಳಿ ದುರುಗೇಶ. ಸುಮಯ್ಯಾ ಮತ್ತೆ ನಾಲ್ವರನ್ನು ಕೆಲಸಕ್ಕೆ ಇಟ್ಟುಕೊಂಡಳು. ಅವರಲ್ಲಿ ಫಕ್ಕೀರವ್ವನ ಸೊಸೆಯೂ ಒಬ್ಬಳು. ಇನ್ನು ಒಂದು ವರ್ಷದ ಒಪ್ಪಂದಕ್ಕೆ ಸಹಿ ಬೀಳುವುದೊಂದೇ ಬಾಕಿ.

ಮೇ ತಿಂಗಳ ಕೊನೆಯಲ್ಲಿ ಅಗಡಿಯ ಶಂಕ್ರಪ್ಪ ಬಂದ. ಡಿಸೆಂಬರಿನಲ್ಲಿ ಮಗಳ ಮದುವೆಗೆ ನಲವತ್ತು ಚೀಲ ಖಾರದಪುಡಿ ಒಯ್ದಿದ್ದ ಗಿರಾಕಿ. ಬಗಲಲ್ಲಿದ್ದ ಗೊಬ್ಬರದ ಚೀಲವನ್ನು ಗಿರಣಿಯ ಕಟ್ಟೆಯ ಮೇಲೆ ಸುರುವಿದ.

"ತಂಗಿ, ಬಿತ್ತಾಕ ಮೊದಲ ನನ್ನ ಹೊಲದಾಗ ಎಲಿ ಬಂದಾವ ನೋಡು."

ಖಾರದಪುಡಿಯ ಚೀಲಗಳು. ಮಣ್ಣು ಮೆತ್ತಿತ್ತು, ಸೆಗಣಿ ಅಂಟಿತ್ತು. ಎಲೆ ಮಾತ್ರ ಮೊನ್ನೆ ಅಚ್ಚಾದಂತೆ ಹಸಿರಾಗಿತ್ತು.

"ತಿಪ್ಪಿ ತಗದು ಹೊಲಕ್ಕ ಹೇರಿದ್ನಿ. ಕುಂಟಿ ಹೊಡಿಯೋ ಮುಂದ ಈ ಚೀಲ ಕುಡದ ಅಲಗಿಗೆ ಸಿಕ್ಕು ಎತ್ತು ನಿಂತ್ವು. ಮೂವತ್ತೊಂದು ಆರಿಸೇನಿ. ಉಳದದ್ದು ಇನ್ನ ಮಣ್ಣಾಗ ಐತಿ."

"ಕಾಕಾ, ಐದು ತಿಂಗಳಾತಲ್ರಿ!"

"ಐದು ತಿಂಗಳಿಗೆ ಸತ್ತ ಎಮ್ಮಿ ಮಣ್ಣಾಕ್ಕೈತಿ."

ಫಕ್ಕೀರವ್ವ ಮೊರ ಕೆಳಗಿಟ್ಟಳು.

ಸುಮಯ್ಯಾ ಚೀಲ ಮಾರಿದ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯವನು ಮರ್ಯಾದೆಯಿಂದಲೇ ಮಾತಾಡಿದ. ಚೀಲದಲ್ಲಿ ದೋಷವಿಲ್ಲ, ಮಣ್ಣಾಗುವುದೂ ನಿಜ. ಆದರೆ ಅದಕ್ಕೆ ಕಾರ್ಖಾನೆಯ ಗೊಬ್ಬರದ ಘಟಕ ಬೇಕು, ಅರವತ್ತು ಡಿಗ್ರಿಯ ಹತ್ತಿರ ಕಾವು ವಾರಗಟ್ಟಲೆ ಇರಬೇಕು. ಪ್ರಮಾಣಪತ್ರದ ಎರಡನೇ ಹಾಳೆಯಲ್ಲಿ ಎಲ್ಲ ಬರೆದಿದೆಯಲ್ಲ ಮೇಡಂ, ಎಂದ.

ಸುಮಯ್ಯಾ ಹಾಳೆ ತೆಗೆದು ನೋಡಿದಳು. ಬರೆದಿತ್ತು. ಚೀಲ ತರಿಸಿದ ದಿನ ಅವಳು ಮೊದಲ ಹಾಳೆಯ ಮೊಹರು ನೋಡಿ ಮಡಚಿಟ್ಟಿದ್ದಳು.

"ನಾನ ಹೇಳಿದ್ನಲ್ಲಾ ತಿಪ್ಪಿ ಅಂತ," ಎಂದಳು ಫಕ್ಕೀರವ್ವ.

"ನೀವು ಹೇಳೀರಿ, ಅಚ್ಚು ಹಾಕಿಸಿದಾಕಿ ನಾನು."

ಅಷ್ಟರಲ್ಲಿ ದುರುಗೇಶನ ಬೈಕು ನಿಂತಿತು. ಕೈಯಲ್ಲಿ ಒಪ್ಪಂದದ ಕಾಗದ. ಪರಿಸರದ ಹೆಸರು ಹೇಳಿ ಮಾರುವವರು ಪುರಾವೆ ಇಟ್ಟಿರಬೇಕೆಂದು ಸರಕಾರ ನಿಯಮ ತಂದ ಮೇಲೆ ಆ ಅಂಗಡಿಯವರು ಒಂದು ಸಾಲು ಸೇರಿಸಿದ್ದರು: ಚೀಲದ ಮೇಲೆ ಬರೆದಿರುವುದೆಲ್ಲ ಸತ್ಯವೆಂದು ತಯಾರಕರು ಒಪ್ಪುತ್ತಾರೆ.

"ಇಲ್ಲೊಂದು ಸಹಿ ಹಾಕಿಬಿಡ್ರಿ ಅಕ್ಕಾರ, ಮುಗೀತು."

ಅವಳು ಕಟ್ಟೆಯ ಮೇಲಿದ್ದುದನ್ನು ತೋರಿಸಿ, ಕಂಪನಿಯವನು ಹೇಳಿದ್ದನ್ನೂ ಹೇಳಿದಳು. ದುರುಗೇಶ ಒಂದು ಚೀಲವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಇಟ್ಟ.

"ಎಲ್ಲಾರೂ ಎಲಿ ಹಾಕ್ಯಾರ್ರೀ. ಹುಬ್ಬಳ್ಳಿಯಾಗ ಯಾರು ತಿಪ್ಪಿ ಕೆದರಿ ನೋಡತಾರ?"

"ನಾ ಕೆದರೇನಲ್ಲೋ ತಮ್ಮಾ," ಎಂದ ಶಂಕ್ರಪ್ಪ.

ಯಾರೋ ನಕ್ಕರು. ಫಕ್ಕೀರವ್ವನ ಸೊಸೆ ನಗಲಿಲ್ಲ. ಅವಳಿಗೆ ಕೆಲಸ ಸಿಕ್ಕು ಎರಡನೇ ತಿಂಗಳು.

"ದುರುಗೇಶಣ್ಣ, ಎಲಿ ತಗದು ಕೊಟ್ರ ತಗೋತಾರೇನ್ರಿ? ಖಾರ ಅದೇ, ಮಿಷನ್ ಅದೇ, ಹಳೇ ರೇಟು."

"ಎಲಿ ಇಲ್ಲದ ಖಾರ ಅವ್ರಿಗೆ ನೂರಾ ಮೂವತ್ತಕ್ಕ ಸಿಗತೈತಿ. ಆರ್ಡರ್ ಹೋಗತೈತ್ರಿ ಅಕ್ಕಾರ, ಖರೇ ಹೇಳತೇನಿ. ಇಷ್ಟು ಮಂದೀನ ಇಟಗೊಂಡು ಕುಂತೀರಿ."

ಸುಮಯ್ಯಾ ಹೆಂಗಸರ ಕಡೆ ನೋಡಿದಳು. ಎಂಟು ಮೊರಗಳ ಮೇಲೆ ಕೈಗಳು ನಿಂತಿದ್ದವು. ಸಹಿ ಹಾಕು ಎಂದು ಫಕ್ಕೀರವ್ವ ಅಂದಿದ್ದರೆ ಅವಳು ಹಾಕಿಬಿಡುತ್ತಿದ್ದಳೋ ಏನೋ. ಫಕ್ಕೀರವ್ವ ಅನ್ನಲಿಲ್ಲ. ಸೊಸೆಯ ಮೊರದಲ್ಲಿದ್ದ ಕಾಯಿಗಳನ್ನು ತನ್ನ ಮೊರಕ್ಕೆ ಸುರುವಿಕೊಂಡು ತೊಟ್ಟು ಬಿಡಿಸತೊಡಗಿದಳು.

ಸುಮಯ್ಯಾ ಪೆನ್ನು ತೆಗೆದುಕೊಂಡು ಸೇರಿಸಿದ ಸಾಲಿನ ಪಕ್ಕ ಬರೆದಳು: ಈ ಚೀಲ ತಿಪ್ಪೆಯಲ್ಲಿ ಮಣ್ಣಾಗುವುದಿಲ್ಲ. ಅದರ ಕೆಳಗೆ ಸಹಿ ಹಾಕಿದಳು.

"ಇದನ್ನ ಒಯ್ದು ತೋರಿಸ್ರಿ."

"ತೋರಿಸತೇನಿ," ಎಂದ ದುರುಗೇಶ. "ನಿಮ್ಮಂಥಾವ್ರ ದಲ್ಲಾಳಿ ಆದ್ರ ನಾ ಧಂದೆ ಬಿಟ್ಟು ಹಗ್ಗಾ ಹೊಸೀಬೇಕ್ರಿ." ಬೈದರೂ ಚಹಾ ಕುಡಿದೇ ಹೋದ.

ಶಂಕ್ರಪ್ಪನಿಗೆ ಅವಳು ನಲವತ್ತು ಚೀಲಗಳ ಮೇಲೆ ಹೆಚ್ಚಿಗೆ ತೆಗೆದುಕೊಂಡಿದ್ದ ಆರುನೂರು ರೂಪಾಯಿ ಕೊಡಹೋದಳು. ಅವನು ರೊಕ್ಕ ಮುಟ್ಟಲಿಲ್ಲ. "ಮುಂದಿನ ಸಲ ನಾ ಡಬ್ಬಿ ತರತೇನಿ. ಅದರಾಗ ತೂಗಿ ಹಾಕು. ಡಬ್ಬಿಗೆ ಎಲಿ ಬ್ಯಾಡ."

ಅಂಗಡಿಗಳು ಒಂದೇ ವಾರದಲ್ಲಿ ಉತ್ತರ ಕೊಟ್ಟವು. ಮೂರು ಸಾವಿರದ ಆರ್ಡರ್ ಪೂರಾ ಹೋಯಿತು. ಒಂದು ಅಂಗಡಿ ಮಾತ್ರ ತಿಂಗಳಿಗೆ ಇನ್ನೂರು ಚೀಲ ಕೇಳಿತು, ಅದೂ ನೂರಾ ನಲವತ್ತಕ್ಕೆ. ಹೊಸದಾಗಿ ಬಂದ ನಾಲ್ವರಲ್ಲಿ ಮೂವರು ಬಿಟ್ಟು ಹೋದರು. ಫಕ್ಕೀರವ್ವ ದಿನ ಬಿಟ್ಟು ದಿನ ಬರುತ್ತಾಳೆ, ನಡುವಿನ ದಿನ ಸೊಸೆ ಬರುತ್ತಾಳೆ. ಉಳಿದ ಹದಿನಾಲ್ಕು ಸಾವಿರ ಚೀಲಗಳ ಎಲೆಯ ಮೇಲೆ ಚೀಟಿ ಅಂಟಿಸುವ ಕೂಲಿ ಬೇರೆ ಬಿತ್ತು. ಡಬ್ಬಿ ಹಿಡಿದು ಬರುವವರು ಈಗ ದಿನಕ್ಕೆ ಹನ್ನೆರಡು ಮಂದಿ, ಸಂತೆಯ ದಿನ ಇಪ್ಪತ್ತು.